ಬೋರಿಸ್ ಗೊದುನೋವ್: ಗಾಯಕನಿಗಿಂತ ಮೊದಲು ಪಾಠ

ಮೊದೆಸ್ತ್ ಮುಸೋರ್ಗ್‌ಸ್ಕಿಯ ‘ಬೋರಿಸ್ ಗೊದುನೋವ್’ ಒಪೆರಾದ ಧ್ವನಿಮುದ್ರಿಕೆಗಳಲ್ಲಿ ಯಾವುದು ಉತ್ತಮ ಎಂದು ಕೇಳಿದರೆ, ಬಲ್ಲವರು ಸಾಮಾನ್ಯವಾಗಿ ಬೋರಿಸನ ಪಾತ್ರ ಹಾಡಿದವರ ಹೆಸರುಗಳಿಂದ ಮಾತು ಆರಂಭಿಸುತ್ತಾರೆ. ಶಲ್ಯಾಪಿನ್, ರೈಜನ್, ಕ್ರಿಸ್ತೋಫ್, ಗಿಯಾವುರೋವ್, ತಾಲ್ವೆಲಾ ಎಂದು ಸಾಲು ಬೆಳೆಯುತ್ತದೆ. ಪುಚಿನಿಯ ‘ತೋಸ್ಕಾ’ದಂಥ ಕೃತಿಯಾಗಿದ್ದರೆ ಈ ಕ್ರಮ ಸರಿಯೇ, ಅಲ್ಲಿ ಯಾವ ಮುದ್ರಿಕೆಯನ್ನು ಕೈಗೆತ್ತಿಕೊಂಡರೂ ಸ್ವರಗಳು ಅವೇ, ದೃಶ್ಯಗಳು ಅವೇ, ಬದಲಾಗುವುದು ಕಂಠ ಮತ್ತು ವೇಗ ಮಾತ್ರ. ‘ಬೋರಿಸ್’ ವಿಷಯದಲ್ಲಿ ಹಾಗಲ್ಲ. ಇಲ್ಲಿ ಒಂದು ಮುದ್ರಿಕೆಯಲ್ಲಿ ಇರುವ ದೃಶ್ಯ ಇನ್ನೊಂದರಲ್ಲಿ ಇರುವುದಿಲ್ಲ. ಒಂದು ರಾಜನ ಸಾವಿನೊಡನೆ ಮುಗಿದರೆ ಇನ್ನೊಂದು ಅವನು ಸತ್ತ ಮೇಲೂ ಮುಂದುವರಿಯುತ್ತದೆ. ವಾದ್ಯಗಳ ಬಣ್ಣವನ್ನು ಒಮ್ಮೆ ಒಬ್ಬ ಸಂಯೋಜಕ ಬಳಿದಿದ್ದರೆ ಇನ್ನೊಮ್ಮೆ ಮತ್ತೊಬ್ಬ ಬಳಿದಿರುತ್ತಾನೆ. ಆದ್ದರಿಂದ ಯಾರು ಹಾಡಿದ್ದಾರೆ ಎಂಬುದಕ್ಕಿಂತ ಮೊದಲು ಯಾವ ಪಾಠವನ್ನು, ಅಂದರೆ ಕೃತಿಯ ಯಾವ ರೂಪವನ್ನು, ಹಾಡಿದ್ದಾರೆ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಪಕ್ಷ.

ಪಾಠಗಳ ಇತಿಹಾಸವನ್ನು ಅಗತ್ಯವಿರುವಷ್ಟು ಮಾತ್ರ ಹೇಳುತ್ತೇನೆ. ಪುಷ್ಕಿನ್ 1825ರಲ್ಲಿ ಬರೆದು ಮುಗಿಸಿದ ನಾಟಕವನ್ನು ಆಧರಿಸಿ ಮುಸೋರ್ಗ್‌ಸ್ಕಿ 1868-69ರಲ್ಲಿ ಏಳು ದೃಶ್ಯಗಳ ಒಪೆರಾವನ್ನು ರಚಿಸಿದ. ಪುಟ್ಟ ರಾಜಕುಮಾರ ದ್ಮಿತ್ರಿಯನ್ನು ಕೊಲ್ಲಿಸಿ ರಷ್ಯಾದ ರಾಜನಾದ ಬೋರಿಸ್, ತಾನೇ ಆ ದ್ಮಿತ್ರಿ ಎಂದು ಹೇಳಿಕೊಂಡು ಹೊರಡುವ ಯುವಕ ಗ್ರಿಗೊರಿ, ಇವರ ನಡುವಿನ ಜನ, ಇದು ಕಥೆ. ನೊವೊದೆವಿಚಿ ಮಠದ ಅಂಗಳದಲ್ಲಿ ಜನ ದೊಣ್ಣೆಯ ಭಯಕ್ಕೆ ಗೋಳಿಡುವುದರಿಂದ ತೊಡಗಿ, ಪಟ್ಟಾಭಿಷೇಕ, ಚೂದೊವ್ ಮಠದ ಕೋಣೆ, ಲಿಥುವೇನಿಯಾ ಗಡಿಯ ಹೆಂಡದಂಗಡಿ, ಕ್ರೆಮ್ಲಿನ್ನಿನ ಅಂತಃಪುರ, ಸಂತ ಬೇಸಿಲ್ ಚರ್ಚಿನ ಮುಂಭಾಗ, ಕೊನೆಗೆ ಸರದಾರರ ಸಭೆಯಲ್ಲಿ ಬೋರಿಸನ ಸಾವು. ಪೀಟರ್ಸ್‌ಬರ್ಗಿನ ಸಾಮ್ರಾಜ್ಯ ರಂಗಮಂದಿರಗಳ ಆಡಳಿತ 1871ರಲ್ಲಿ ಇದನ್ನು ತಿರಸ್ಕರಿಸಿತು. ಪ್ರಮುಖ ಸ್ತ್ರೀಪಾತ್ರವಿಲ್ಲ ಎಂಬುದು ಮುಖ್ಯ ಆಕ್ಷೇಪ. ಮುಸೋರ್ಗ್‌ಸ್ಕಿ ಮರೀನಾ ಎಂಬ ಪೋಲಿಷ್ ಶ್ರೀಮಂತ ಕನ್ಯೆಯಿರುವ ಹೊಸ ಅಂಕವನ್ನು ಸೇರಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಅಧಿಕಾರಿಗಳಿಗೆ ಒಪ್ಪಿಸಿದ ತಿದ್ದುಪಡಿ ಎನ್ನಬಹುದಿತ್ತು. ಆದರೆ ಅವನು ಯಾರೂ ಕೇಳದ ಬದಲಾವಣೆಗಳನ್ನೂ ಮಾಡಿದ: ಅಂತಃಪುರದ ದೃಶ್ಯವನ್ನು ಹೆಚ್ಚುಕಡಿಮೆ ಹೊಸದಾಗಿಯೇ ಬರೆದ, ಬೇಸಿಲ್ ಚರ್ಚಿನ ದೃಶ್ಯವನ್ನು ಕೈಬಿಟ್ಟ, ಬೋರಿಸನ ಸಾವಿನ ನಂತರ ಕ್ರೋಮಿ ಎಂಬಲ್ಲಿನ ಕಾಡಿನಲ್ಲಿ ಜನ ದಂಗೆಯೇಳುವ ದೃಶ್ಯವನ್ನು ಇರಿಸಿದ. 1872ರಲ್ಲಿ ಮುಗಿದ ಈ ಎರಡನೆಯ ಪಾಠ 1874ರಲ್ಲಿ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ ನಪ್ರಾವ್ನಿಕನ ನಿರ್ದೇಶನದಲ್ಲಿ, ಅದೂ ಮಠದ ಕೋಣೆಯ ದೃಶ್ಯವನ್ನು ಬಿಟ್ಟು, ಮೊದಲ ಬಾರಿ ಪ್ರದರ್ಶನಗೊಂಡಿತು.

ಮುಸೋರ್ಗ್‌ಸ್ಕಿ 1881ರಲ್ಲಿ ತೀರಿಕೊಂಡ ಮೇಲೆ ಅವನ ಗೆಳೆಯ, ಸಂಯೋಜಕ ರಿಮ್‌ಸ್ಕಿ-ಕೊರ್ಸಕೋವ್ ಇಡೀ ಕೃತಿಯನ್ನು ತಿದ್ದಿ, ಶ್ರುತಿಗಳನ್ನು ಬದಲಿಸಿ, ವಾದ್ಯ ಸಂಯೋಜನೆಯನ್ನು ಹೊಸದಾಗಿ ಮಾಡಿ 1896ರಲ್ಲಿ ಹೊರತಂದ; 1908ರ ಹೊತ್ತಿಗೆ ಅದನ್ನು ಇನ್ನಷ್ಟು ಬೆಳೆಸಿದ. ಶಲ್ಯಾಪಿನ್‌ನನ್ನು ಮುಂದಿಟ್ಟುಕೊಂಡು ಪ್ರದರ್ಶನಗಳ ಸಂಘಟಕ ದಿಯಾಗಿಲೇವ್ ಅದೇ ವರ್ಷ ಪ್ಯಾರಿಸಿನಲ್ಲಿ ಆಡಿಸಿದ್ದು ಈ ಪಾಠವನ್ನೇ. ಪಾವೆಲ್ ಲಾಮ್ ಹಸ್ತಪ್ರತಿಗಳನ್ನು ಪರಿಶೀಲಿಸಿ ಮೂಲವನ್ನು ಪ್ರಕಟಿಸಿದ್ದು 1928ರಲ್ಲಿ. 1869ರ ಪಾಠ ಲೆನಿನ್‌ಗ್ರಾಡಿನಲ್ಲಿ ರಂಗವೇರಿದ್ದೂ ಆ ವರ್ಷವೇ. ಸಂಯೋಜಕ ಶೋಸ್ತಕೊವಿಚ್ 1939-40ರಲ್ಲಿ ಮುಸೋರ್ಗ್‌ಸ್ಕಿಯ ಸ್ವರಗಳನ್ನು ಉಳಿಸಿಕೊಂಡು ವಾದ್ಯಗಳ ಹಂಚಿಕೆಯನ್ನು ಮಾತ್ರ ಹೊಸದಾಗಿ ಮಾಡಿದ. ಡೇವಿಡ್ ಲಾಯ್ಡ್-ಜೋನ್ಸ್ ಸಂಪಾದಿಸಿದ ಪಾಠ 1975ರಲ್ಲಿ ಬಂದ ಮೇಲೆ ಮೂಲಕ್ಕೆ ಮರಳುವ ದಾರಿ ಸುಗಮವಾಯಿತು. ಇಷ್ಟು ತಿಳಿದಿದ್ದರೆ ಯಾವ ಮುದ್ರಿಕೆ ಯಾವ ಗುಂಪಿಗೆ ಸೇರುತ್ತದೆ ಎಂಬುದು ಹೊಳೆಯುತ್ತದೆ: 1970ರ ದಶಕದ ಮಧ್ಯದವರೆಗೆ ಬಂದ ಪ್ರಸಿದ್ಧ ಮುದ್ರಿಕೆಗಳು ರಿಮ್‌ಸ್ಕಿ-ಕೊರ್ಸಕೋವನ ಪಾಠದವು, ಮೂಲ ವಾದ್ಯ ಸಂಯೋಜನೆಯ ಧ್ವನಿ ಮುದ್ರಿಕೆಯಲ್ಲಿ ಕೇಳಿಬರತೊಡಗಿದ್ದು ಆಮೇಲೆ.

ಎರಡು ಧ್ವನಿಗಳ ವ್ಯತ್ಯಾಸವನ್ನು ಹೇಳುವುದಕ್ಕಿಂತ ಕೇಳಿಸುವುದು ಸುಲಭ. ಪಟ್ಟಾಭಿಷೇಕದ ದೃಶ್ಯದ ಆರಂಭದಲ್ಲಿ ಕ್ರೆಮ್ಲಿನ್ನಿನ ಘಂಟೆಗಳನ್ನು ಮುಸೋರ್ಗ್‌ಸ್ಕಿ ಕೇವಲ ಎರಡು ಸ್ವರಮೇಳಗಳಿಂದ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಎರಡು ಗುಂಪುಗಳಿಂದ, ಕಟ್ಟಿದ್ದಾನೆ. ಒಂದು ಎ-ಫ್ಲ್ಯಾಟ್ ಮೇಲಿನ ಸಪ್ತಮ ಸ್ವರಮೇಳ, ಇನ್ನೊಂದು ಡಿ ಮೇಲಿನದು. ಪಾಶ್ಚಾತ್ಯ ಸಂಗೀತದ ಲೆಕ್ಕದಲ್ಲಿ ಇವು ಒಂದಕ್ಕೊಂದು ಅತಿ ದೂರದವು, ಆದರೆ ಎರಡು ಸ್ವರಗಳು ಎರಡಕ್ಕೂ ಸಾಮಾನ್ಯ. ಕೆಳಗೆ ಸಿ ಸ್ವರ ಕದಲದೆ ನಿಂತಿರುತ್ತದೆ, ಮೇಲೆ ಈ ಎರಡು ಮೇಳಗಳು ಅತ್ತಿಂದಿತ್ತ ತೂಗುತ್ತವೆ. ಎತ್ತಲೂ ಹೋಗುವುದಿಲ್ಲ, ಎಲ್ಲಿಯೂ ಇಳಿದು ನಿಲ್ಲುವುದಿಲ್ಲ. ಸಂಭ್ರಮದ ಸದ್ದಿನೊಳಗೆ ನೆಲೆಯಿಲ್ಲದ ಭಾವ ಬರುವುದು ಹೀಗೆ. ವಾದ್ಯವೃಂದ ನಿರ್ದೇಶಕ ಕರಾಯನ್ 1970ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ಮಾಡಿದ ಮುದ್ರಿಕೆಯಲ್ಲಿ ಈ ಭಾಗವನ್ನು ರಿಮ್‌ಸ್ಕಿ-ಕೊರ್ಸಕೋವನ ರೂಪದಲ್ಲಿ ಕೇಳಿದರೆ, ಬಂಗಾರದ ಗುಮ್ಮಟಗಳೆಲ್ಲ ಒಮ್ಮೆಗೇ ಬೆಳಗಿದಂತೆ ತುತ್ತೂರಿಗಳು, ತಾಳವಾದ್ಯಗಳು ಮೊಳಗುತ್ತವೆ. ರಿಮ್‌ಸ್ಕಿ ದಿಯಾಗಿಲೇವನಿಗಾಗಿ ದೃಶ್ಯವನ್ನು ಉದ್ದಗೊಳಿಸಿಯೂ ಇದ್ದಾನೆ. ಅದೇ ಸ್ವರಮೇಳಗಳನ್ನು ಯೆರ್ಜಿ ಸೆಮ್ಕೋವ್ 1976ರಲ್ಲಿ ಪೋಲೆಂಡಿನ ರೇಡಿಯೊ ವಾದ್ಯವೃಂದದೊಡನೆ ಮೂಲ ರೂಪದಲ್ಲಿ ಮುದ್ರಿಸಿದ್ದರಲ್ಲಿ ಕೇಳಿದರೆ ಲೋಹದ ಒರಟು, ಮಂದ್ರದ ಭಾರ, ನಡುವೆ ಒಂದಿಷ್ಟು ಖಾಲಿ ಜಾಗ. ಆ ಖಾಲಿ ಜಾಗ ಮುಸೋರ್ಗ್‌ಸ್ಕಿಗೆ ವಾದ್ಯಗಳನ್ನು ಬಳಸಲು ಬರುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಎಂದು ಹಿಂದಿನವರು ನಂಬಿದ್ದರು. ಆ ತುಂಬದ ಧ್ವನಿಯಲ್ಲಿಯೇ ರಾಜನ ಮೊದಲ ಮಾತು, ತನ್ನ ಆತ್ಮ ನೋಯುತ್ತಿದೆ ಎಂಬ ಮಾತು, ಸಹಜವಾಗಿ ಬಂದು ಕೂರುತ್ತದೆ. ಕರಾಯನ್ ಮುದ್ರಿಕೆಯಲ್ಲಿ ಅಷ್ಟೊಂದು ವೈಭವದ ನಂತರ ಗಿಯಾವುರೋವ್ ಅದೇ ಮಾತನ್ನು ಎಷ್ಟು ಚೆನ್ನಾಗಿ ಹಾಡಿದರೂ ಅದು ನಾಟಕಕ್ಕಾಗಿ ತಂದಿಟ್ಟ ಮಾತಿನಂತೆ ನನಗೆ ಕೇಳುತ್ತದೆ.

ಹಾಗೆಂದು ರಿಮ್‌ಸ್ಕಿ-ಕೊರ್ಸಕೋವನನ್ನು ಹಳಿಯುವ ಈಚಿನ ವಾಡಿಕೆಗೆ ನಾನು ಸೇರುವುದಿಲ್ಲ. ತಾನು ಮೂಲವನ್ನು ಅಳಿಸಿ ಹಾಕಿಲ್ಲ, ಮುಂದೆ ಎಂದಾದರೂ ಮೂಲವೇ ಮೇಲು ಎಂದು ಕಂಡುಬಂದರೆ ತನ್ನದನ್ನು ಬದಿಗಿಟ್ಟು ಅದನ್ನೇ ಆಡಲಿ ಎಂಬರ್ಥದಲ್ಲಿ ಅವನೇ ಬರೆದಿಟ್ಟಿದ್ದಾನೆ. ಅವನ ಪಾಠ ಇಲ್ಲದಿದ್ದರೆ ಈ ಒಪೆರಾ ರಷ್ಯಾದ ಹೊರಗೆ ಅಷ್ಟು ಬೇಗ ಹೋಗುತ್ತಿರಲಿಲ್ಲ. ಜೊತೆಗೆ, ಆ ಪಾಠದ ಮೇಲೆಯೇ ಬೆಳೆದ ಹಾಡುಗಾರಿಕೆಯ ಪರಂಪರೆ ಒಂದಿದೆ. 1928ರ ಜುಲೈ 4ರಂದು ಲಂಡನ್ನಿನ ಕವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಪ್ರದರ್ಶನ ನಡೆಯುತ್ತಿದ್ದಾಗಲೇ ಮುದ್ರಿಸಿಕೊಂಡ ಶಲ್ಯಾಪಿನ್‌ನ ಭಾಗಗಳು ಉಳಿದುಬಂದಿವೆ. ಸುತ್ತಲಿನವರು ಇಟಾಲಿಯನ್ನಿನಲ್ಲಿ ಹಾಡುತ್ತಿದ್ದರೆ ಅವನೊಬ್ಬನೇ ರಷ್ಯನ್ನಿನಲ್ಲಿ ಹಾಡುತ್ತಾನೆ, ಮತ್ತು ಆ ವಿಚಿತ್ರ ಕೆಲವೇ ನಿಮಿಷಗಳಲ್ಲಿ ಮರೆತುಹೋಗುತ್ತದೆ. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲಾಗದ ಆ ಶೈಲಿ ಮುಂದಿನ ಬೋರಿಸರಿಗೆಲ್ಲ ಮೇಲ್ಪಂಕ್ತಿಯಾಯಿತು. ಮಾಸ್ಕೋದ ಬೊಲ್ಷೊಯ್ ರಂಗಮಂದಿರದಲ್ಲಿ ಗೊಲೊವಾನೋವ್ 1940ರ ದಶಕದ ಕೊನೆಯಲ್ಲಿ ಮಾರ್ಕ್ ರೈಜನ್‌ನೊಡನೆ ಮಾಡಿದ ಮುದ್ರಿಕೆಯನ್ನು ಕೇಳಿದರೆ ಧ್ವನಿಯ ಗುಣಮಟ್ಟ ತೀರ ಹಳೆಯದು, ವೇಗ ನಿರ್ದೇಶಕನ ಮನಸ್ಸಿಗೆ ಬಂದಂತೆ ಹಿಗ್ಗಿ ಕುಗ್ಗುತ್ತದೆ. ಆದರೂ ಆ ಗಾಯಕವೃಂದದ ಜನ ನಿಜವಾಗಿ ಹಸಿದ ಜನರಂತೆ ಕೇಳುತ್ತಾರೆ. ಆಧುನಿಕ ಸ್ಟುಡಿಯೊಗಳ ಅಚ್ಚುಕಟ್ಟಾದ ಗಾಯಕವೃಂದಗಳಿಗೆ ಈ ಗುಣ ದಕ್ಕಿದ್ದು ಅಪರೂಪ.

ಪಾಠಗಳನ್ನು ಹೋಲಿಸುವವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ವಲೇರಿ ಗೆರ್ಗಿಯೆವ್ 1997ರಲ್ಲಿ ಕಿರೋವ್ ಒಪೆರಾದೊಡನೆ ಮಾಡಿದ ಐದು ಸಿಡಿಗಳ ಸಂಪುಟ. ಇದರಲ್ಲಿ 1869ರ ಪಾಠ ಪ್ರತ್ಯೇಕವಾಗಿ, 1872ರ ಪಾಠ ಪ್ರತ್ಯೇಕವಾಗಿ ಇವೆ. ವಾದ್ಯವೃಂದ, ನಿರ್ದೇಶಕ, ಗಾಯಕವೃಂದ ಎರಡಕ್ಕೂ ಒಂದೇ. ಬೋರಿಸ್ ಮಾತ್ರ ಬೇರೆ: ಮೊದಲನೆಯದರಲ್ಲಿ ನಿಕೊಲಾಯ್ ಪುತಿಲಿನ್, ಎರಡನೆಯದರಲ್ಲಿ ವ್ಲಾದಿಮಿರ್ ವನೇಯೆವ್. ಕುಟಿಲ ಸರದಾರ ಶುಯಿಸ್ಕಿಯಾಗಿ ಕೊನ್‌ಸ್ತಾಂತಿನ್ ಪ್ಲುಜ್ನಿಕೋವ್ ಎರಡರಲ್ಲೂ ಇದ್ದಾನೆ. ಹೀಗಿರುವುದರಿಂದ ಕೇಳಿಬರುವ ವ್ಯತ್ಯಾಸದ ಬಹುಪಾಲು ಪಾಠದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಈ ಸಂಪುಟದಲ್ಲಿ ಅಂತಃಪುರದ ದೃಶ್ಯವನ್ನು ಎರಡೂ ರೂಪಗಳಲ್ಲಿ ಒಂದರ ಬೆನ್ನಿಗೆ ಒಂದನ್ನು ಕೇಳಬೇಕು. 1869ರ ಪಾಠದಲ್ಲಿ ಮಗಳು ಕ್ಸೇನಿಯಾಳ ಅಳಲು ಚಿಕ್ಕದು. ಮಗ ಫ್ಯೋದರ್ ಭೂಪಟವನ್ನು ನೋಡುತ್ತಿರುತ್ತಾನೆ. ಬೋರಿಸ್ ಬೇಗನೆ ಬಂದು ತನ್ನ ಸ್ವಗತಕ್ಕೆ ತೊಡಗುತ್ತಾನೆ. ಪರಮಾಧಿಕಾರ ಕೈಗೆ ಬಂದಿದೆ, ಆರನೆಯ ವರ್ಷ ನೆಮ್ಮದಿಯಿಂದ ಆಳುತ್ತಿದ್ದೇನೆ, ಆದರೆ ಆತ್ಮಕ್ಕೆ ಸುಖವಿಲ್ಲ ಎಂಬ ಆ ಮಾತುಗಳು ಪುಷ್ಕಿನ್ನನ ಸಾಲುಗಳಿಗೆ ಬಹಳ ಹತ್ತಿರ. ಸಂಗೀತ ಮಾತಿನ ಏರಿಳಿತವನ್ನು ಹಿಂಬಾಲಿಸುತ್ತದೆ. ಕಿವಿಗೆ ಹಿಡಿದು ಉಳಿಯುವ ರಾಗವೆಂಬುದು ಹೆಚ್ಚೇನಿಲ್ಲ. ಪುತಿಲಿನ್‌ನ ಕಂಠ ಮಂದ್ರಕ್ಕಿಂತ ತುಸು ಮೇಲಿನದು. ಆ ಸ್ವಲ್ಪ ಹಗುರಾದ, ಚುರುಕು ಧ್ವನಿ ಇಂಥ ಮಾತಿನ ನಡೆಗೆ ಹೊಂದುತ್ತದೆ. ಇಲ್ಲಿರುವವನು ಲೆಕ್ಕಾಚಾರದ ಮನುಷ್ಯ. ಲೆಕ್ಕ ತಪ್ಪಿದ್ದನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ.

1872ರ ರೂಪದಲ್ಲಿ ದೃಶ್ಯ ತುಂಬಿಕೊಂಡಿದೆ. ದಾದಿ ಸೊಳ್ಳೆಯ ಹಾಡು ಹಾಡುತ್ತಾಳೆ, ಚಪ್ಪಾಳೆಯ ಆಟ ನಡೆಯುತ್ತದೆ, ಫ್ಯೋದರ್ ಗಿಳಿಯ ಕಥೆಯನ್ನು ಅಪ್ಪನಿಗೆ ಹೇಳುತ್ತಾನೆ, ಕೋಣೆಯಲ್ಲಿ ಗೊಂಬೆಗಳು ಚಲಿಸುವ ಗಡಿಯಾರವೊಂದಿದೆ. ಸ್ವಗತಕ್ಕೆ ಈಗ ವಿಶಾಲವಾದ ರಾಗ ಬಂದಿದೆ. ಪೂರ್ತಿಯಾಗದೆ ಉಳಿದ ‘ಸಲಾಂಬೊ’ ಎಂಬ ತನ್ನ ಹಳೆಯ ಒಪೆರಾದ ಸಂಗೀತವನ್ನು ಮುಸೋರ್ಗ್‌ಸ್ಕಿ ಇಲ್ಲಿ ಬಳಸಿಕೊಂಡಿದ್ದಾನೆ. ದೃಶ್ಯದ ಕೊನೆಯಲ್ಲಿ, ಉಗ್ಲಿಚ್‌ನಲ್ಲಿ 1591ರಲ್ಲಿ ಸತ್ತ ಬಾಲಕ ದ್ಮಿತ್ರಿಯ ಶವದ ವಿಷಯವನ್ನು ಶುಯಿಸ್ಕಿ ಬಿಡಿಸಿ ಹೇಳಿ ಹೋದ ಮೇಲೆ ಬೋರಿಸನಿಗೆ ಆ ಮಗುವಿನ ರೂಪ ಕಣ್ಣಮುಂದೆ ಬರುತ್ತದೆ. ಅದು ಎರಡೂ ಪಾಠಗಳಲ್ಲಿದೆ. ಆದರೆ 1872ರಲ್ಲಿ ಆ ಹೊತ್ತಿಗೆ ಸರಿಯಾಗಿ ಗಡಿಯಾರ ಚಲಿಸತೊಡಗುತ್ತದೆ: ತಂತಿವಾದ್ಯಗಳು ಒಂದೇ ಸುತ್ತನ್ನು ಪಟ್ಟುಬಿಡದೆ ಮರಳಿ ಮರಳಿ ನುಡಿಸುತ್ತವೆ, ಅದರ ಮೇಲೆ ರಾಜನ ಮಾತು ತುಂಡುತುಂಡಾಗುತ್ತದೆ. ವನೇಯೆವ್ ಇಲ್ಲಿ ಕೂಗಾಡುವುದಿಲ್ಲ. ಶಲ್ಯಾಪಿನ್‌ನ ನಂತರ ಇಲ್ಲಿ ಅರಚುವುದು, ಏದುಸಿರು ಬಿಡುವುದು ಎಷ್ಟೋ ಬೋರಿಸರಿಗೆ ಅಭ್ಯಾಸವಾಗಿಬಿಟ್ಟಿತ್ತು. ವನೇಯೆವ್ ಬರೆದ ಸ್ವರಗಳನ್ನು ಬಹುಮಟ್ಟಿಗೆ ಹಾಡುತ್ತಾನೆ, ಭಯವನ್ನು ವಾದ್ಯಗಳಿಗೆ ಬಿಡುತ್ತಾನೆ. ಇದು ತಣ್ಣಗಾಯಿತು ಎನ್ನುವವರಿದ್ದಾರೆ. ನನಗಂತೂ ಗಡಿಯಾರ ಸ್ಪಷ್ಟವಾಗಿ ಕೇಳಬೇಕೆಂದರೆ ರಾಜ ಸ್ವಲ್ಪ ಸುಮ್ಮನಿರುವುದೇ ಒಳ್ಳೆಯದು ಅನ್ನಿಸಿದೆ.

ಹಾಗಾದರೆ ಎರಡನೆಯ ಪಾಠವೇ ಮೇಲಲ್ಲವೇ ಎಂದರೆ, ಈ ಒಂದು ದೃಶ್ಯದ ಮಟ್ಟಿಗೆ ಹೌದು. ಇಡಿಯಾಗಿ ನೋಡಿದಾಗ ತೀರ್ಪು ಅಷ್ಟು ಸರಳವಲ್ಲ. 1872ರಲ್ಲಿ ಕಳೆದುಹೋದ ಸಂಗತಿಗಳೂ ಇವೆ. ಮಠದ ಕೋಣೆಯಲ್ಲಿ ವೃದ್ಧ ಸನ್ಯಾಸಿ ಪೀಮೆನ್ ಉಗ್ಲಿಚ್‌ನ ಕೊಲೆಯನ್ನು ಕಣ್ಣಾರೆ ಕಂಡಂತೆ ಬಣ್ಣಿಸುವ ಭಾಗವನ್ನು ಮುಸೋರ್ಗ್‌ಸ್ಕಿ ಆಗ ತೆಗೆದುಹಾಕಿದ. ಯುವಕ ಗ್ರಿಗೊರಿ ತಾನೇ ದ್ಮಿತ್ರಿ ಎಂದು ಹೇಳಿಕೊಂಡು ಹೊರಡುವುದಕ್ಕೆ ಬೀಜ ಬೀಳುವುದು ಆ ಬಣ್ಣನೆಯಲ್ಲಿ. ಇದೇ ರೀತಿ ಮೊದಲ ದೃಶ್ಯದ ಕೊನೆಯಲ್ಲಿ, ನಾಳೆ ಕ್ರೆಮ್ಲಿನ್ನಿಗೆ ಬರಬೇಕೆಂಬ ಆಜ್ಞೆ ಕೇಳಿದ ಜನ, ಅಳು ಎಂದರೆ ಅಲ್ಲಿಯೂ ಅತ್ತರಾಯಿತು ಎಂಬ ಧಾಟಿಯಲ್ಲಿ ಗೊಣಗಿಕೊಂಡು ಚದುರುವ ಕೆಲವು ಕ್ಷಣಗಳೂ ಹೋದವು. ಅವು ಚಿಕ್ಕವು, ಆದರೆ ಮರುಕ್ಷಣ ಮೊಳಗುವ ಪಟ್ಟಾಭಿಷೇಕದ ಜಯಘೋಷಕ್ಕೆ ಎಷ್ಟು ಬೆಲೆ ಕೊಡಬೇಕೆಂದು ತೋರಿಸಿಕೊಡುವವು ಅವೇ. (ಇತಿಹಾಸದ ಬೋರಿಸ್ ಆ ಮಗುವನ್ನು ಕೊಲ್ಲಿಸಿದನೇ ಇಲ್ಲವೇ ಎಂಬುದು ಇನ್ನೂ ವಾದಗ್ರಸ್ತ, ಪುಷ್ಕಿನ್ ಮತ್ತು ಮುಸೋರ್ಗ್‌ಸ್ಕಿ ಅವನನ್ನು ತಪ್ಪಿತಸ್ಥನೆಂದೇ ಹಿಡಿದು ಬರೆದರು.)

ಮುದ್ರಿಕೆಗಳ ಹೋಲಿಕೆಯಲ್ಲಿ ನನ್ನ ಮುಖ್ಯ ತಕರಾರು ಇರುವುದು ಎರಡೂ ಪಾಠಗಳನ್ನು ಬೆರೆಸುವ ಪದ್ಧತಿಯ ಬಗ್ಗೆ. ಒಳ್ಳೆಯದನ್ನು ಯಾವುದನ್ನೂ ಬಿಡಬಾರದೆಂಬ ಆಸೆಯಿಂದ, 1872ರ ಪಾಠವನ್ನು ತೆಗೆದುಕೊಂಡು ಅದರೊಳಗೆ 1869ರ ಬೇಸಿಲ್ ಚರ್ಚಿನ ದೃಶ್ಯವನ್ನು ತುರುಕುವುದು ಬಹುಕಾಲದ ರೂಢಿ. ಬೊಲ್ಷೊಯ್ ರಂಗಮಂದಿರ 1927ರಲ್ಲಿ ಇಪ್ಪೊಲಿತೊವ್-ಇವಾನೋವನಿಂದ ಆ ದೃಶ್ಯಕ್ಕೆ ವಾದ್ಯ ಸಂಯೋಜನೆ ಮಾಡಿಸಿ ರಿಮ್‌ಸ್ಕಿಯ ಪಾಠಕ್ಕೆ ಸೇರಿಸಿತು. ಕರಾಯನ್ ಅದನ್ನೇ ಅನುಸರಿಸಿದ. ಮೂಲ ವಾದ್ಯ ಸಂಯೋಜನೆಯನ್ನು ಬಳಸಿದ ಸೆಮ್ಕೋವ್ ಮತ್ತು ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ 1993ರಲ್ಲಿ ಮುದ್ರಿಸಿದ ಕ್ಲಾಡಿಯೊ ಅಬ್ಬಾಡೊ ಕೂಡ ಆ ದೃಶ್ಯವನ್ನು ಬಿಟ್ಟುಕೊಡಲಿಲ್ಲ.

ತೊಡಕು ಇರುವುದು ಯುರೋದಿವಿಯಲ್ಲಿ, ಅಂದರೆ ದೈವದ ಹುಚ್ಚು ಹಿಡಿದ ಬಡ ಮರುಳನಲ್ಲಿ. 1869ರಲ್ಲಿ ಚರ್ಚಿನ ಮುಂದೆ ಹುಡುಗರು ಅವನ ಒಂದು ಕೊಪೆಕ್ ನಾಣ್ಯವನ್ನು ಕಸಿದುಕೊಂಡು ಓಡುತ್ತಾರೆ. ಹೊರಬಂದ ಬೋರಿಸನನ್ನು ಅವನು, ನೀನು ಆ ಪುಟ್ಟ ರಾಜಕುಮಾರನನ್ನು ಕೊಂದಂತೆ ಇವರನ್ನೂ ಕೊಲ್ಲಿಸು ಎಂದು ಕೇಳುತ್ತಾನೆ. ಸರದಾರರು ಅವನನ್ನು ಹಿಡಿಯಹೋದಾಗ ಬೋರಿಸ್ ತಡೆದು, ತನಗಾಗಿ ಪ್ರಾರ್ಥಿಸು ಎನ್ನುತ್ತಾನೆ, ಮರುಳ ಒಪ್ಪುವುದಿಲ್ಲ. ಮಗುವನ್ನು ಕೊಂದ ರಾಜನಿಗಾಗಿ ಪ್ರಾರ್ಥಿಸಲಾಗದು ಎಂದು ಹೇಳಿ ರಷ್ಯಾದ ದುಃಖವನ್ನು ಕುರಿತು ಹಾಡುತ್ತಾನೆ. 1872ರಲ್ಲಿ ಬೋರಿಸನ ಈ ಭೇಟಿ ಇಲ್ಲ. ನಾಣ್ಯ ಕಸಿಯುವ ಪ್ರಸಂಗ ಮತ್ತು ಕೊನೆಯ ಹಾಡು ಕ್ರೋಮಿ ಕಾಡಿನ ದೃಶ್ಯಕ್ಕೆ ಸ್ಥಳಾಂತರಗೊಂಡಿವೆ. ದಂಗೆಯೆದ್ದ ಜನ ಸುಳ್ಳು ದ್ಮಿತ್ರಿಯ ಹಿಂದೆ ಹೋದ ಮೇಲೆ ಮರುಳನೊಬ್ಬನೇ ಉಳಿದು ಹಾಡುವುದರೊಂದಿಗೆ ಒಪೆರಾ ಮುಗಿಯುತ್ತದೆ. ಎರಡೂ ದೃಶ್ಯಗಳನ್ನು ಇಟ್ಟುಕೊಂಡರೆ ಅದೇ ಪ್ರಸಂಗ ಎರಡು ಸಲ ಬರುತ್ತದೆ, ಇಲ್ಲವೇ ಒಂದು ಕಡೆ ಕತ್ತರಿ ಹಾಕಬೇಕಾಗುತ್ತದೆ. ಮುಸೋರ್ಗ್‌ಸ್ಕಿ ಇವನ್ನು ಪರ್ಯಾಯಗಳೆಂದು ಬರೆದನೇ ಹೊರತು ಪೂರಕಗಳೆಂದಲ್ಲ. ಆ ಹಾಡನ್ನು ಒಮ್ಮೆ ರಾಜನ ಎದುರಿಗೆ ಕೇಳಿಬಿಟ್ಟ ಮೇಲೆ ಕಾಡಿನಲ್ಲಿ ಮತ್ತೆ ಕೇಳಿದಾಗ ಅದಕ್ಕೆ ಮೊದಲಿನ ಇರಿತವಿರುವುದಿಲ್ಲ. ಅಬ್ಬಾಡೊನ ಮುದ್ರಿಕೆ ವಾದ್ಯಗಳ ಸೂಕ್ಷ್ಮದಲ್ಲಿ ಎಲ್ಲಕ್ಕಿಂತ ಮೇಲು, ಶುಯಿಸ್ಕಿಯಾಗಿ ಫಿಲಿಪ್ ಲ್ಯಾಂಗ್‌ರಿಜ್ ಮೈ ನಡುಗಿಸುವಷ್ಟು ನಯವಾಗಿ ಹಾಡುತ್ತಾನೆ, ಆದರೂ ಕೊನೆಯ ಸಿಡಿಯ ಹೊತ್ತಿಗೆ ನನಗೆ ನಾಟಕದ ಹಿಡಿತ ಸಡಿಲವಾದಂತೆ ತೋರುವುದು ಈ ಬೆರಕೆಯಿಂದಲೇ.

ಅಂತ್ಯದ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ರಿಮ್‌ಸ್ಕಿ-ಕೊರ್ಸಕೋವ್ ಕೊನೆಯ ಎರಡು ದೃಶ್ಯಗಳ ಕ್ರಮವನ್ನು ತಿರುವಿಹಾಕಿ, ಮೊದಲು ದಂಗೆ, ಆಮೇಲೆ ಬೋರಿಸನ ಸಾವು ಎಂದು ಮಾಡಿದ. ಇದರಿಂದ ದೊಡ್ಡ ಗಾಯಕನಿಗೆ ಪರದೆ ಬೀಳುವ ಕ್ಷಣ ಸಿಕ್ಕಿತು. ಆದರೆ ಬದುಕಿರುವ ರಾಜನ ವಿರುದ್ಧ ಏಳುವ ದಂಗೆಗೂ, ರಾಜ ಸತ್ತ ಮೇಲೆ ಮತ್ತೊಬ್ಬ ವಂಚಕನ ಬೆನ್ನು ಹತ್ತುವ ಜನಕ್ಕೂ ಬಹಳ ಅಂತರವಿದೆ. ಎರಡನೆಯದು ಹೆಚ್ಚು ಕಹಿ, ಮುಸೋರ್ಗ್‌ಸ್ಕಿ ಬರೆದದ್ದು ಅದನ್ನೇ. ಬೋರಿಸನ ಸಾವಿನಲ್ಲಿಯೇ ಮುಗಿಯಬೇಕೆನ್ನುವವರಿಗೆ 1869ರ ಪಾಠ ಇದ್ದೇ ಇದೆ. ಆ ಪಾಠದ ಮುದ್ರಿಕೆಗಳಲ್ಲಿ ಕೆಂಟ್ ನಗಾನೊ 2017ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಸಿಂಫನಿ ವಾದ್ಯವೃಂದದೊಡನೆ ಮಾಡಿದ್ದನ್ನು ನಾನು ಹೊಸಬರಿಗೆ ಮೊದಲು ಕೊಡುತ್ತೇನೆ. ಅಲೆಕ್ಸಾಂಡರ್ ತ್ಸಿಂಬಾಲ್ಯುಕ್‌ನ ಬೋರಿಸ್ ವಯಸ್ಸಾದ ಸಿಂಹವಲ್ಲ. ಅವನದು ದುಂಡಗಿನ, ಸುಸ್ತಾಗದ ಕಂಠ. ಮುದ್ರಣ ಸ್ವಚ್ಛವಾಗಿದೆ. ಪೋಲಿಷ್ ಅಂಕವಿಲ್ಲದ ಕಾರಣ ಪ್ರೇಮಪ್ರಸಂಗದ ಕಡೆಗೆ ಗಮನ ಹರಿಯದೆ ಏಳು ದೃಶ್ಯಗಳೂ ಒಂದೇ ಉಸಿರಿನಲ್ಲಿ ಸಾಗುತ್ತವೆ. ಮರೀನಾಳನ್ನು ಬಿಡಲಾರದವರು ಗೆರ್ಗಿಯೆವ್‌ನ 1872ಕ್ಕೆ ಹೋಗಬೇಕು. ಓಲ್ಗಾ ಬೊರೊದಿನಾಳ ಮರೀನಾ ಇರುವಾಗ ಆ ಅಂಕ ಅಧಿಕಾರಿಗಳ ಒತ್ತಾಯದಿಂದ ಬಂದದ್ದೆಂಬುದು ನೆನಪಿಗೂ ಬರುವುದಿಲ್ಲ.

ಇನ್ನು ರಿಮ್‌ಸ್ಕಿಯ ಪಾಠಕ್ಕೆ ಒಂದೇ ಮುದ್ರಿಕೆ ಇಟ್ಟುಕೊಳ್ಳಬೇಕೆಂದರೆ ನಾನು ಕರಾಯನ್‌ನ ವೈಭವವನ್ನು ಬಿಟ್ಟು, ಇಸಾಯ್ ದೊಬ್ರೊವೆನ್ 1952ರಲ್ಲಿ ಪ್ಯಾರಿಸಿನಲ್ಲಿ ಮಾಡಿದ ಮೊನೊ ಮುದ್ರಿಕೆಯನ್ನು ಇಟ್ಟುಕೊಳ್ಳುತ್ತೇನೆ. ಸುಳ್ಳು ದ್ಮಿತ್ರಿಯಾಗಿ ಯುವಕ ನಿಕೊಲಾಯ್ ಗೆಡ್ಡಾ ಇದ್ದಾನೆ. ಬೋರಿಸ್ ಕ್ರಿಸ್ತೋಫ್ ಮಾತ್ರ ಬೋರಿಸ್, ಪೀಮೆನ್, ಕುಡುಕ ಸನ್ಯಾಸಿ ವರ್ಲಾಮ್ ಎಂಬ ಮೂರು ಪಾತ್ರಗಳನ್ನೂ ತಾನೇ ಹಾಡಿದ್ದಾನೆ. ಇದೊಂದು ಗಿಮಿಕ್ ಎಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಸಭೆಯ ದೃಶ್ಯದಲ್ಲಿ, ಸತ್ತ ಮಗುವಿನ ಸಮಾಧಿಯ ಬಳಿ ಕುರುಡ ಕುರುಬನೊಬ್ಬನಿಗೆ ದೃಷ್ಟಿ ಬಂದ ಪವಾಡವನ್ನು ಪೀಮೆನ್ ಹೇಳುತ್ತಾನೆ, ಅದನ್ನು ಕೇಳಿಯೇ ಬೋರಿಸ್ ಕುಸಿಯುತ್ತಾನೆ. ಹೇಳುವವನೂ ಕ್ರಿಸ್ತೋಫ್, ಕೇಳಿ ಕುಸಿಯುವವನೂ ಕ್ರಿಸ್ತೋಫ್. ಕಂಪನಿಯವರು ಉದ್ದೇಶಿಸಿರಲಿ ಬಿಡಲಿ, ರಾಜನ ಮೇಲಿನ ಆರೋಪ ಅವನದೇ ಕಂಠದಲ್ಲಿ ಬಂದಂತಾಗುತ್ತದೆ, ಮತ್ತು ಇದು ರಂಗದ ಮೇಲೆ ಸಾಧ್ಯವೇ ಇಲ್ಲ. 1962ರಲ್ಲಿ ಆಂದ್ರೆ ಕ್ಲ್ಯುಟೆನ್ಸ್ ನಿರ್ದೇಶನದಲ್ಲಿ ಕ್ರಿಸ್ತೋಫ್ ಇದೇ ಸಾಹಸವನ್ನು ಸ್ಟೀರಿಯೊದಲ್ಲಿ ಮತ್ತೊಮ್ಮೆ ಮಾಡಿದ. ಅಲ್ಲಿ ಧ್ವನಿಮುದ್ರಣ ಉತ್ತಮ, ಸೋಫಿಯಾದ ಗಾಯಕವೃಂದ ಬಲವಾಗಿದೆ, ಆದರೆ ಕಂಠ ಗಡುಸಾಗಿ ಪೀಮೆನ್ನನೂ ಬೋರಿಸನಂತೆಯೇ ಗದರುತ್ತಾನೆ. ಹತ್ತು ವರ್ಷ ಹಿಂದಿನ ಪೀಮೆನ್ ಮೆಲುದನಿಯಲ್ಲಿ, ಸ್ವರಗಳನ್ನು ತೆಳುವಾಗಿ ಹಿಡಿದು, ನಿಜಕ್ಕೂ ಬೇರೊಬ್ಬ ಮುದುಕನಂತೆ ಕಥೆ ಹೇಳಿದ್ದ.